ಕೆಂಪ ಮ್ಯಾಲ, ಹಳದಿ ಕೆಳಗ

ನನ್ನ ಬಾಯಿಗೆ ಬೀಗಾ ಇಲ್ರಿ. ನಿಪ್ಪಾಣಿ ಪೋಸ್ಟಾಫೀಸಿನ್ಯಾಗ ಯಾರನ್ನ ಬೇಕಾದ್ರ ಕೇಳ್ರಿ, "ಮಲ್ಲೇಶಿನ ಬಾಯಿ ಅಂದ್ರ ಬಾಯಿ" ಅಂತಾರ. ಅಲ್ಲಿ ನನ್ನ ಬಾಜೂಕ ಕುಂಡ್ರಾಂವ ಕೊಗನೊಳ್ಳಿ ವಿಶ್ವಾಸ. ಅವನ ಮನಿ ಮಾತ ಮರಾಠಿ, ನಂದು ಕನ್ನಡ. ಹದಿನಾಕ ವರ್ಷದಿಂದ ಒಂದ ಡಬ್ಬ್ಯಾಗ ಉಣ್ತೇವಿ, ಗಡಿ ಸಲವಾಗಿ ದಿನಾ ಜಗಳಾಡ್ತೇವಿ. ಅಂವ "ನಿಪ್ಪಾಣಿ ನಮ್ದು" ಅಂತಾನ, ನಾ "ನಿಮ್ಮಪ್ಪಂದೇನ್ಲೇ?" ಅಂತೇನಿ. ಆಮ್ಯಾಲ ಇಬ್ರೂ ನಕ್ಕೋತ ಚಾ ಕುಡೀತೇವಿ.

ಈ ಸಲ ಎಲ್‌ಟಿಸಿ ರಜಾ ಹಾಕಿ, ಹೆಂಡ್ತೇರನ್ನ ಕರಕೊಂಡ ಅಂದಮಾನಕ್ಕ ಹೋದ್ವಿ. ಅವನ ಹೆಂಡ್ತಿ ನೀಲಮ, ನನ್ನ ಹೆಂಡ್ತಿ ಭಾಗ್ಯಾ. ಭಾಗ್ಯಾ ಆಶಾ ಕಾರ್ಯಕರ್ತೆ. ಅಕಿ ಬ್ಯಾಗಿನ್ಯಾಗ ಸೀರಿಗಿಂತ ಔಷಧನ ಜಾಸ್ತಿ: ಸೊಳ್ಳಿ ಮುಲಾಮ, ಓಆರ್‌ಎಸ್, ಬಿಸಲಿಗೆ ಹಚ್ಚೂ ಕ್ರೀಮ್, ವಾಂತಿ ಗುಳಿಗಿ. "ಬಾಟಲಿ ನೀರ ಬಿಟ್ಟ ಬ್ಯಾರೆ ಕುಡೀಬ್ಯಾಡ್ರಿ, ತಲಿ ಮ್ಯಾಲ ಟಾವೆಲ್ ಇರ್ಲಿ" ಅಂತ ದಿನಾ ನಮಗ ಪಾಠ. ನಾವೂ ಸಾಲಿ ಹುಡುಗೂರ ಹಂಗ ಕೇಳಿದ್ವಿ.

ಮೂರನೇ ದಿನ ಸಣ್ಣದೊಂದ ನಡುಗಡ್ಡಿಗೆ ಹೋದ್ವಿ. ಸಮುದ್ರದ ದಂಡಿ ಮ್ಯಾಲ ದೂರ ದೂರ ಎರಡ ಬಾವುಟ ಹುಗದಿದ್ರು, ನಡುವ ಮಂದಿ ಜಳಕಾ ಮಾಡಾಕತ್ತಿದ್ರು. ಬಾವುಟದ ಬಣ್ಣ ನೋಡಿ ನನಗ ಹಿಗ್ಗಂದ್ರ ಹಿಗ್ಗು. ಕೆಂಪು, ಹಳದಿ!

"ಏ ವಿಶ್ವಾಸ, ನೋಡ್ಲೇ! ಸಮುದ್ರದಾಗೂ ಕರ್ನಾಟಕ ಬಂದೈತಿ!"

"ಉಲ್ಟಾ ಐತಿ. ನಿಮ್ದ ಹಳದಿ ಮ್ಯಾಲಿರ್ತೈತಿ" ಅಂದ ವಿಶ್ವಾಸ.

"ಉಲ್ಟಾ ಆದ್ರೇನ, ಬಾವುಟ ನಮ್ದ. ನಿನ್ನ ಮಹಾರಾಷ್ಟ್ರ ಅಲ್ಲಿ ಆ ಬಂಡಿಗಲ್ಲಿನ ಆಚೆ ಐತಿ. ಹೋಗ, ಅಲ್ಲಿ ಜಳಕಾ ಮಾಡ."

"ಹೋಗ್ತೇನಿ ನೋಡ! ನಿನ್ನ ಬಾವುಟದ ಕೆಳಗ ನಾ ಕಾಲ ಸೈತ ತೊಯ್ಸೂದಿಲ್ಲ" ಅಂತ ಅಂವ ಹೊಂಟ. ಬಾಜೂಕ ಒಂದ ಬೋರ್ಡ್ ಇತ್ತು. ಓದಿದವ್ರ್ಯಾರು?

ಬಂಡಿಗಲ್ಲಿನ ಆಚೆ ತೆರಿನ ಇರ್ಲಿಲ್ರಿ. ಕೆರಿ ನೀರಿನಂಗ ತಣ್ಣಗ ನಿಂತಿತ್ತು. ವಿಶ್ವಾಸ ಎದಿಮಟ ಇಳದ, ನನಗ ಕೈ ಬೀಸಿದ. ಎರಡನೇ ಸಲ ಬೀಸಿದಾಗ ಬರೇ ತಲಿ ಕಾಣಾಕತ್ತಿತ್ತು. "ಮಲ್ಲ್ಯಾ! ಪಾಯ ಲಾಗತ ನಾಹೀ!" ಅಂತ ಕೂಗಿದ. ಕಾಲಿಗೆ ನೆಲ ಹತ್ತವಲ್ದಂತ. ಹಿಂದ ಮುಂದ ನೋಡ್ಲಿಲ್ಲ, ಜಿಗದೆ. ಹಂಗ ಜಿಗೀಬಾರ್ದಿತ್ತು, ಮೊದ್ಲ ಯಾರ್ನರ ಕೂಗಬೇಕಿತ್ತು. ಆಗ ಬುದ್ಧಿ ಎಲ್ಲಿರ್ತೈತ್ರಿ?

ಅವನ ಹತ್ರ ಹೋಗೂದ ತ್ರಾಸ ಆಗ್ಲಿಲ್ಲ. ನೀರ ನನ್ನ ತಾನ ಒಯ್ತು. ತಿರಗಿ ಬರೂದ ಆಗವಲ್ದು! ಇಬ್ರೂ ದಂಡಿ ಕಡೆ ಮಾರಿ ಮಾಡಿ ಕೈ ಹೊಡದೇ ಹೊಡದ್ವಿ. ಭಾಗ್ಯಾನ ಹಸರ ಸೀರಿ ಕಾಣಸ್ತಿತ್ತು, ಆದ್ರ ಹತ್ರ ಬರವಲ್ದು. ಹತ್ತ ಮಾರ ಮುಂದ ಬಂದ್ರ ಹದಿನೈದ ಮಾರ ಹಿಂದ. ಕೈ ಸೋತ್ವು. ಬಾಯಾಗ ಉಪ್ಪನೀರು. ಸುತ್ತೆಲ್ಲಾ ಬಯಲ ನೀರಿದ್ರೂ ಕತ್ತಲಿ ಖೋಲ್ಯಾಗ ಹಾಕಿ ಚಿಲಕಾ ಜಡದಂಗಾತು. ವಿಶ್ವಾಸನ ಮಾರಿ ಬೆಳ್ಳಗಾಗಿತ್ತು. "ನೀಲಮಗ ಹೇಳ..." ಅಂದ. "ಮುಚ್ಚಲೇ ಬಾಯಿ!" ಅಂದೆ. ಇವನ್ನ ಕೊಂದಾಂವ ನಾನ ಅಂತ ಅನಿಸಿ ಅಳು ಬಂತು.

ಆಗ ನನ್ನ ಕಾಲಿಗೆ ಸೆಳವು ಗೊತ್ತಾತು. ಇದು ಸಮುದ್ರಲ್ಲ, ಹೊಳಿ! ಸಮುದ್ರದೊಳಗ ಒಂದ ಹೊಳಿ ಹರಿಯಾಕತ್ತೈತಿ, ದಂಡಿಯಿಂದ ಒಳಗ. ಅಂದ್ರ ಇದರ ದಡ ಎದುರಿಗಿಲ್ಲ, ಮಗ್ಗಲಿಗೈತಿ. ಕೃಷ್ಣಾದಾಗ ಈಜ ಕಲ್ತಾಂವ ನಾ, ಅಂವ ದೂಧಗಂಗಾದಾಗ. ಹೊಳಿಗೆ ಎದುರ ಈಜೂದಿಲ್ಲ ಅನ್ನೂದು ಇಬ್ರಿಗೂ ಗೊತ್ತು.

"ವಿಶ್ವಾಸ, ದೂಧಗಂಗಾ ಅನ್ಕೋ! ದಂಡಿ ನೋಡಬ್ಯಾಡ. ಅಡ್ಡ ಹೊಡಿ!"

ದಂಡಿಗೆ ಮಗ್ಗಲಾಗಿ, ಬಾವುಟದ ಕಡೆ ಅಡ್ಡ ಹೊಡದ್ವಿ. ದಣಿವಾದ್ರ ಅಂಗಾತ ತೇಲ್ತಿದ್ವಿ, ಮತ್ತ ಹೊಡೀತಿದ್ವಿ. ಒಮ್ಮಿಗ್ಲೆ ಸೆಳವ ಬಿಡ್ತು. ತೆರಿನ ನಮ್ಮನ್ನ ದಂಡಿ ಕಡೆ ನೂಕಾಕತ್ತು. ಅಷ್ಟ್ರಾಗ ಲೈಫ್‌ಗಾರ್ಡ್ ತೇಲೂ ಹಲಗಿ ತಗೊಂಡ ಬಂದ ಹಿಡಕೊಂಡ.

ದಂಡ್ಯಾಗ ಅಂವ ಹಿಂದ್ಯಾಗ ಬೈದ. ಎರಡ ಬಾವುಟದ ನಡುವಷ್ಟ ಸುರಕ್ಷಿತ, ದೇಶ ದೇಶದಾಗೂ ಅದ ಗುರುತು, ಬಿಟ್ಟ ಯಾಕ ಹೋದ್ರಿ ಅಂತ ಕೇಳಿದ. ವಿಶ್ವಾಸ ನನ್ನ ಮಾರಿ ನೋಡಿದ. "ಗಲತೀ ಮೇರೀ ಹೈ. ಬೋರ್ಡ್ ನಹೀ ಪಢಾ" ಅಂತ ತಪ್ಪೆಲ್ಲಾ ತನ್ನ ಮ್ಯಾಲ ಹಾಕ್ಕೊಂಡ.

ನೀಲಮ ವೈನಿ ಅಳಕೋತ ನನ್ನ ಕಾಲ ಮುಟ್ಟಾಕ ಬಂದ್ಲು. "ಭಾವೋಜಿ, ನೀವಿದ್ರಿ ಅಂತ ಇವ್ರ ಉಳದ್ರು."

ಆ ಮಾತ ನನಗ ತಡಕೊಳ್ಳಾಕಾಗ್ಲಿಲ್ಲ. "ವೈನಿ, ಮುಟ್ಟಬ್ಯಾಡ್ರಿ. ಕಳಿಸಿದಾಂವ ನಾನ" ಅಂತ ಇದ್ದದ್ದೆಲ್ಲಾ ಹೇಳಿಬಿಟ್ಟೆ.

ಅಕಿ ಅಳೂದ ನಿಂತಿತು. ನನ್ನ ನೋಡಿದ್ಲು, ಗಂಡನ್ನ ನೋಡಿದ್ಲು. ಭಾಗ್ಯಾ ಓಆರ್‌ಎಸ್ ಕಲಸೂದ ಬಿಟ್ಟ ಹಂಗ ನಿಂತಿದ್ಲು.

"ಇಬ್ರೂ ಹೋಗಿದ್ರ," ಅಂದ್ಲು ನೀಲಮ ವೈನಿ, "ಊರಿಗೆ ಹೋಗಿ ಹುಡುಗೂರಿಗೆ ಏನಂತ ಹೇಳಬೇಕಿತ್ರಿ ನಾವಿಬ್ರು?"

ತಿರಗಿ ಹೋಗೂ ಟಿಕೆಟ್ ಇನ್ನ ಮೂರ ದಿನಕ್ಕಿತ್ತು. ಅಲ್ಲೀಮಟ ಅಕಿ ಎದುರಿಗೆ, ಒಂದ ಟೇಬಲ್ಲಿಗೆ, ಮೂರ ಹೊತ್ತೂ ಊಟಕ್ಕ ಕುಂಡ್ರಬೇಕಿತ್ತು.