ಕಡಲೆ ಹುಳಿಯ ಬೆಳಕು

ಸಂಕ್ರಾಂತಿ ಕಳೆದಿತ್ತು. ಸೂಡಿ ಊರಿನ ಎರೆಹೊಲಗಳಲ್ಲಿ ಕಡಲೆ ಕೀಳುವ ಸುಗ್ಗಿ. ಬಿಸಿಲೇರಿದರೆ ಕಾಯಿ ಸಿಡಿಯುತ್ತವೆಂದು ಕಳಕವ್ವ ಇಬ್ಬನಿ ಆರುವ ಮೊದಲೇ ಸಾಲು ಹಿಡಿದಿದ್ದಳು. ಧಾರವಾಡದಲ್ಲಿ ಓದುತ್ತಿದ್ದ, ಪಕ್ಕದ ಹೊಲದ ನಜೀರಸಾಬನ ಮಗಳು ಶಹನಾಜ ಗಜೇಂದ್ರಗಡದ ಮೊದಲ ಬಸ್ಸಿಗೆ ಇಳಿದು, ಮನೆಗೂ ಹೋಗದೆ ನೇರ ಅಲ್ಲಿಗೇ ಬಂದಳು.

"ಬಾರವ್ವಾ ಧಾರವಾಡದಾಕಿ! ಗಾಜಿನ ನಳಿಗಿ ಹಿಡದ ಕೈಲೆ ಕಡಲಿ ಕೀಳಾಕ ಬರತೈತೇನ?"

ಶಹನಾಜ ನಕ್ಕಂತೆ ಮಾಡಿ ಸಾಲಿಗೆ ಕೂತಳು. ಒಣಗಿದ ಸೊಪ್ಪಿನಲ್ಲಿ ಉಳಿದಿದ್ದ ಹುಳಿ ಬೆರಳಿನ ಬಿರುಕಿಗೆ ತಾಗಿ ಚುರ್ರೆಂದಿತು. ಆ ಉರಿಯ ಹಿಂದೆಯೇ ಎಂಟು ವರ್ಷದವಳಾಗಿದ್ದಾಗಿನ ಚಳಿ ನೆನಪಾಯಿತು. ಕಳಕವ್ವ ತೀರಿಹೋದ ಗಂಡನ ಹಳೆಯ ಧೋತ್ರವನ್ನು ಸಂಜೆ ಕಡಲೆಯ ಮೇಲೆ ಹಾಸುತ್ತಿದ್ದಳು. ನಸುಕಿಗೆ ಅದು ಇಬ್ಬನಿಯನ್ನೂ ಎಲೆಯ ಹುಳಿಯನ್ನೂ ಹೀರಿ ಭಾರವಾಗಿರುತ್ತಿತ್ತು. ಇಬ್ಬರೂ ಒಂದೊಂದು ತುದಿ ಹಿಡಿದು ಹಿಂಡಿದರೆ ಬೋಗುಣಿಯೊಳಗೆ ಕಂದು ನೀರು. ಹೊಟ್ಟೆನೋವು ಬಂದರೆ ಇಡೀ ಓಣಿಗೆ ಅದೇ ಮದ್ದು. ಹುಳಿಗೆ ರೊಕ್ಕವಿಲ್ಲ; ಒಯ್ದ ಬಾಟಲಿಯನ್ನು ಖಾಲಿ ಮರಳಿಸಬಾರದು, ಏನಾದರೂ ತುಂಬಿ ಕೊಡಬೇಕು, ಅಷ್ಟೇ.

ಈಗ ಆ ಹುಳಿಯೇ ಶಹನಾಜಳ ಸಂಶೋಧನೆ. ಹೊಲಕ್ಕೆ ಹಾಕುವ ಯೂರಿಯಾ ಬೆರೆಸಿ, ಉಕ್ಕಿನ ಡಬ್ಬಿಯಲ್ಲಿ ಬಿಗಿದು ಕಾಯಿಸಿದರೆ ಹುಳಿಯೊಳಗಿನ ಇಂಗಾಲ ಕಣ್ಣಿಗೆ ಕಾಣದ ಚುಕ್ಕೆಗಳಾಗುತ್ತದೆ, ಯೂರಿಯಾದ ಸಾರಜನಕ ಅವುಗಳಲ್ಲಿ ಸೇರಿಕೊಳ್ಳುತ್ತದೆ. ನೇರಳಾತೀತ ಕಿರಣದ ನೇರಳೆ ದೀಪ ಹಿಡಿದರೆ ಚುಕ್ಕೆಗಳು ನೀಲಿಯಾಗಿ ಬೆಳಗುತ್ತವೆ. ಮೊದಲ ಸಲ ಕಾಯಿಸಿದಾಗಲೇ ಬೆಳಗಿದ್ದವು ಕೂಡ. ಆದರೆ ಮೊನ್ನೆ ದೀಪದ ಬೆಳಕು ಅಕಸ್ಮಾತ್ ಕಾಯಿಸದ ಹುಳಿಯ ಮೇಲೆ ಬಿತ್ತು. ಅದೂ ಬೆಳಗಿತು! ಹಾಗಾದರೆ ಇಷ್ಟು ದಿನ ಕಂಡದ್ದು ಯಾವುದರ ಬೆಳಕು? ಇನ್ನು ಹದಿನೈದು ದಿನಕ್ಕೆ ಗೈಡ್ ಮುಂದೆ ಎಲ್ಲವನ್ನೂ ತೋರಿಸಬೇಕು. ತಪ್ಪಾದರೆ ಒಂದು ವರ್ಷ ಹೋದಂತೆಯೇ.

"ಆಯಿ, ನನಗ ಹಿಂಡಿಕೊಟ್ಟ ಹುಳಿಗೆ ಹಾಸಿದ್ದ ಧೋತ್ರ ಹ್ಯಾಂಗ ಒಗದಿದ್ದಿ?"

"ಪ್ರತಿ ವರ್ಷ ಬರೇ ನೀರಾಗ ಜಾಲಿಸ್ತಿದ್ದೆ. ಈ ಸಲ ಧಾರವಾಡದ ದೊಡ್ಡ ಸಾಲಿಗೆ ಹೋಗೂ ಹುಳಿ, ನಾಕ ಮಂದಿ ನೋಡ್ತಾರಂತ ಸಂತ್ಯಾಗಿನ ಹೊಸಾ ಸೋಪಿನ ಪುಡಿ ಹಾಕಿ ಎರಡ ಸಲ ತಿಕ್ಕೀನಿ. ಕೊಕ್ಕರಿಯಂಗ ಬೆಳ್ಳಗಾತ ನೋಡ!"

ಶಹನಾಜಳ ಕೈ ನಿಂತಿತು. ಬಟ್ಟೆ ಬೆಳ್ಳಗೆ ಹೊಳೆಯಲೆಂದು ಪುಡಿಗೆ ಹಾಕುವ ಬಣ್ಣವೂ ನೇರಳೆ ದೀಪಕ್ಕೆ ನೀಲಿಯಾಗಿಯೇ ಬೆಳಗುತ್ತದೆ.

ಕಳಕವ್ವನ ಮನೆಯಲ್ಲಿ ಇಬ್ಬರೂ ಒಂದೇ ಕೌದಿ ಹೊದ್ದು ಕತ್ತಲು ಮಾಡಿಕೊಂಡರು. ನರಗುಂದದ ಕಾಳು ಕೊಳ್ಳುವ ಅಡತಿ ಅಂಗಡಿಗಳಲ್ಲಿ ಖೋಟಾ ನೋಟು ನೋಡಲು ಇಡುವಂಥ ಪುಟ್ಟ ದೀಪವನ್ನು ಶಹನಾಜ ಧೋತ್ರದ ಮೇಲೆ ಹಿಡಿದಳು. ಬಟ್ಟೆಯೆಲ್ಲ ನೀಲಿಯಾಗಿ ಹೊಳೆಯಿತು.

"ಅಯ್ಯ ಶಿವನ! ಇದ್ದಾಗ ಒಂದ ದಿನಾ ಹಿಂಗ ಹೊಳದಿರಲಿಲ್ಲ ನಮ್ಮ ಯಜಮಾನ್ರು!" ಕಳಕವ್ವ ನಕ್ಕಳು. ಹುಡುಗಿ ನಗಲಿಲ್ಲ. ಕೌದಿಯೊಳಗೆ ಮುದುಕಿಯ ದನಿ ಸಣ್ಣಗಾಯಿತು. "ಅಂದ್ರ... ನಾನ ಕೆಡಿಸಿದ್ನೇನವ್ವಾ?"

"ಕೆಡಿಸಿಲ್ಲ ಬಿಡಾಯಿ."

"ಸುಳ್ಳ ಹೇಳಾಕ ಸಣ್ಣಾಕಿದ್ದಾಗಿಂದ ನಿನಗ ಬರಂಗಿಲ್ಲ."

ಹೊಲದಲ್ಲಿ ಗಿಡ ಒಣಗಿತ್ತು. ಇನ್ನು ಹುಳಿ ಬರುವ ವರ್ಷವೇ. ಕಳಕವ್ವ ಎದ್ದು ಗೋಡೆಯ ಮಾಡದಲ್ಲಿದ್ದ ತನ್ನ ಬಾಟಲಿ ತಂದಳು. "ಇದ ಎಳ್ಳ ಅಮಾಸಿಕ್ಕಿಂತ ಮೊದಲಿಂದು. ಆಗಿನ್ನಾ ಪುಡಿ ತಂದಿದ್ದಿಲ್ಲ. ಹಚ್ಚ ನಿನ್ನ ದೀಪ."

ಹಚ್ಚಿದಳು. ಹುಳಿ ಕಪ್ಪಗೆ, ಸುಮ್ಮನಿತ್ತು. ಶಹನಾಜ ಉಸಿರು ಬಿಟ್ಟಳು.

"ಇದ ಇಡೀ ವರ್ಷಕ್ಕ ಇಟ್ಟ ಹುಳಿ ಅಲ್ಲೇನ ಆಯಿ? ಓಣಿಯವರಿಗೆ ಏನ ಕೊಡ್ತಿ?"

"ಅವರು ಹೊಟ್ಟಿನೋವಿಗೆ ಅಜಿವಾನ ಜಗೀಲಿ. ನೀ ಒಯ್ಯಿ."

ಧಾರವಾಡದಲ್ಲಿ ಅದೇ ಹುಳಿ ಕಾಯಿಸುವ ಮುಂಚೆ ಕಪ್ಪಗಿದ್ದು, ಯೂರಿಯಾದೊಂದಿಗೆ ಕಾದು ಆರಿದ ಮೇಲೆ ನೀಲಿಯಾಗಿ ಬೆಳಗಿತು. ಸೋಪಿನ ಬೆಳಕಿಗಿಂತ ಮಂದ, ಆದರೆ ಖರೇ. ಅದನ್ನು ನೋಡುವಾಗ ಶಹನಾಜಳಿಗೆ ಕೌದಿಯ ವಾಸನೆ ನೆನಪಾಯಿತು.

ಖಾಲಿಯಾದ ಬಾಟಲಿಯನ್ನು ಅವಳು ತಿರುಗಿ ಕಳಿಸಲಿಲ್ಲ. ಮಳೆಗಾಲದಲ್ಲಿ ಓಣಿಯ ಈಶಪ್ಪ ಹೊಟ್ಟೆ ಹಿಡಿದುಕೊಂಡು ಹೋದಾಗ ಕಳಕವ್ವ, "ನನ್ನ ಹುಳಿ ಧಾರವಾಡದಾಗ ದೀಪ ಆಗೇತಿ, ಮುಂದಿನ ವರ್ಷ ಬಾ" ಅಂದಳಂತೆ. ತಂದೆ ನಜೀರಸಾಬ ಫೋನಿನಲ್ಲಿ ಹೇಳಿ ನಕ್ಕ.

ಮರುವರ್ಷ ಕಡಲೆ ಹೂಬಿಟ್ಟಾಗ ಶಹನಾಜ ರಜೆ ಹಾಕಿ ಬಂದಳು. ನಾಲ್ಕು ಸಂಜೆ ತಾನೇ ಧೋತ್ರ ಹಾಸಿದಳು, ನಾಲ್ಕು ನಸುಕು ಹಿಂಡಿದಳು. ಬದುವಿನ ಮೇಲೆ ಕೂತ ಕಳಕವ್ವ ಕೇಳಿದಳು:

"ಯಾರ ಒಗದಾರವ್ವಾ ಧೋತ್ರ?"

"ನಾನ. ಬರೇ ನೀರಾಗ."

ಒಯ್ದಿದ್ದ ಬಾಟಲಿ ಕುತ್ತಿಗೆಯವರೆಗೆ ತುಂಬಿತು. ಶಹನಾಜ ಅದನ್ನು ಒಯ್ದು ಕಳಕವ್ವನ ಮಾಡದಲ್ಲಿ ಮೊದಲಿದ್ದ ಜಾಗದಲ್ಲಿಯೇ ಇಟ್ಟಳು.