ಸೋಮವಾರದ ಕಂಬ

ಚಿಕ್ಕಮ್ಮ ಈಜು ಕಲಿಯಲು ಹೊರಟದ್ದು ಮಂಡಿನೋವು ಶುರುವಾದ ಮೇಲೆ. ಅದಕ್ಕೂ ಮುಂಚೆ ಅವಳ ಪಾಲಿಗೆ ನೀರೆಂದರೆ ಬಕೆಟ್ಟಿನಲ್ಲಿರುವುದು, ಅಷ್ಟೇ. ಈಗ ಪ್ರತಿ ಸೋಮವಾರ ಬೆಳಿಗ್ಗೆ, ಈಜುಕೊಳದಲ್ಲಿ ಹೆಂಗಸರಿಗೆಂದೇ ಬಿಟ್ಟ ಹೊತ್ತಿನಲ್ಲಿ, ಕೆಂಪು ಟೋಪಿ ಬಿಗಿದುಕೊಂಡು ನೀರಿಗಿಳಿಯುತ್ತಾಳೆ. ಅರ್ಧ ದಾರಿಗೆ ಬಂದು ಗೋಡೆ ಹಿಡಿಯುತ್ತಾಳೆ. ಆಳದ ಆ ತುದಿಯನ್ನು ಒಮ್ಮೆ ಮುಟ್ಟಬೇಕೆನ್ನುವುದೇ ಅವಳ ಹಟ. ಹೆಂಗಸರ ಹೊತ್ತು ಇರುವುದು ಸೋಮವಾರ ಮಾತ್ರ.

ಹಾಗಾಗಿ, ಕೊಳ ತೊಳೆಯಲು ವಾರಕ್ಕೊಂದು ದಿನ ಬಾಗಿಲು ಹಾಕುತ್ತೇವೆ, ಜನ ಕಡಿಮೆ ಬರುವ ದಿನ ನೋಡಿ, ಎಂದು ಮ್ಯಾನೇಜರ್ ಹೇಳಿದಾಗ, ಸೋಮವಾರ ಒಂದು ಬೇಡಪ್ಪಾ ಎಂದು ಅವಳು ದೇವರಿಗೆ ಕೈಮುಗಿದಳು. ಯಾವ ದಿನ ಎಂದು ಗ್ರಾಫ್ ಬರೆದು ತೋರಿಸುವ ಕೆಲಸ ಬಂದದ್ದು ಅವಳ ಅಕ್ಕನ ಮಗಳಿಗೇ. ಮನೆಯಲ್ಲಿ ಎಲ್ಲರಿಗೂ ಅವಳು ಚುಕ್ಕಿ. ಅವಳು ಬೇರೊಂದು ಕಚೇರಿಯಲ್ಲಿ ಅಂಕಿಅಂಶ ನೋಡುವವಳೆಂದು ಮ್ಯಾನೇಜರಿಗೆ ಗೊತ್ತಿತ್ತು. ಆರ್ ಎಂಬ ಕಂಪ್ಯೂಟರ್ ಭಾಷೆಗೆ ಲೆಕ್ಕ ಉಣಿಸಿ ಚಿತ್ರ ಬರೆಸುತ್ತಾಳೆ.

ಟಿಕೆಟ್ಟಿನ ಲೆಕ್ಕ ಕೊಟ್ಟದ್ದೇ ತಡ, ಆರ್ ದಿನಕ್ಕೊಂದರಂತೆ ಏಳು ಕಂಬ ನಿಲ್ಲಿಸಿತು, ಜನ ಹೆಚ್ಚಿದಷ್ಟೂ ಕಂಬ ಎತ್ತರ. ಬೂದಿ ಬಳಿದ ಹಾಗಿತ್ತು. ಅಂಥದ್ದು ಕಂಡರೆ ಚುಕ್ಕಿಯ ಕೈ ಸುಮ್ಮನಿರದು. ಹಿನ್ನೆಲೆಯ ಬೂದುಬಣ್ಣ ಕಿತ್ತಳು, ಅಡ್ಡಗೆರೆ ತೆಳುವಾಗಿಸಿದಳು, ಅಕ್ಷರ ಬದಲಿಸಿದಳು. ಕೊಳದ ನೀರಿನದೇ ನೀಲಿ ಹುಡುಕಲು ಒಂದು ಸಂಜೆ ಪೂರ್ತಿ ಹೋಯಿತು. ಒಂದು ನೀಲಿ ಬಟ್ಟೆ ಸೋಪಿನಂತೆ, ಇನ್ನೊಂದು ಶಾಲೆಯ ಯೂನಿಫಾರ್ಮಿನಂತೆ. ಕಂಬಗಳ ಕೆಳಗೆ ವಾರಗಳ ಉದ್ದುದ್ದ ಹೆಸರುಗಳು ಒಂದರ ಮೇಲೊಂದು ಹತ್ತಿ ಕುಳಿತಿದ್ದವು. ಅವನ್ನು ಓದಲೂ ಹೋಗದೆ ಅಳಿಸಿ, ಸೋಮ, ಮಂಗಳ, ಬುಧ ಎಂದು ಸಾಲಾಗಿ ತಾನೇ ಬರೆದಳು. ಚಿತ್ರ ಕ್ಯಾಲೆಂಡರಿಗೆ ಹಾಕುವಂತಾಯಿತು.

ಅದರಲ್ಲಿ ಎಲ್ಲಕ್ಕಿಂತ ಕುಳ್ಳಗಿದ್ದದ್ದು ಸೋಮವಾರದ ಕಂಬ.

ಮ್ಯಾನೇಜರ್ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಮಾಡಿ ನೋಡಿದ. "ಏನ್ ಬಣ್ಣ ಅಮ್ಮಾ ಇದು. ಸರಿ, ಮುಂದಿನ ವಾರದಿಂದ ಸೋಮವಾರ ರಜಾ ಅಂತ ಈ ಸೋಮವಾರ ಬೆಳಿಗ್ಗೆ ನೋಟೀಸ್ ಅಂಟಿಸಿಬಿಡ್ತೀನಿ."

ಮನೆಯಲ್ಲಿ ಚಿಕ್ಕಮ್ಮ ಚಿತ್ರವನ್ನು ಕನ್ನಡಕ ಏರಿಸಿ ನೋಡಿದಳು.

"ಅಲ್ವೇ ಚುಕ್ಕಿ, ಸೋಮವಾರ ಒಬ್ಬರ ಕಾಲು ಇನ್ನೊಬ್ಬರ ಮೂತಿಗೆ ತಗಲತ್ತೆ. ಅದು ಕಡಿಮೆ ಜನಾನಾ?"

"ಲೆಕ್ಕ ಹಾಗೆ ಹೇಳತ್ತೆ ಚಿಕ್ಕಮ್ಮ. ನಾನೇನು ಮಾಡ್ಲಿ."

"ನೀನೇನು ಮಾಡ್ತೀಯ. ನನ್ನ ಬಾಗಿಲಿಗೆ ಬೀಗ ಹಾಕಿದ್ರೂ ಚೆಂದವಾಗಿ ಹಾಕಿದೀಯ ಬಿಡು." ಟೋಪಿಯನ್ನು ಮಡಿಸಿ ಬೀರುವಿನೊಳಗೆ ಇಟ್ಟಳು. ಬೈದಿದ್ದರೆ ಚುಕ್ಕಿಗೆ ಎಷ್ಟೋ ವಾಸಿಯಿತ್ತು.

ಸಮಾಧಾನ ಮಾಡೋಣವೆಂದು ಭಾನುವಾರ ಅವಳೇ ಚಿಕ್ಕಮ್ಮನನ್ನು ಕೊಳಕ್ಕೆ ಎಳೆದೊಯ್ದಳು. ಮ್ಯಾನೇಜರಿಗೆ ಅಂದು ರಜೆ. ಸಾಲು ರಸ್ತೆಯವರೆಗೂ ಬಂದಿತ್ತು. ಒಳಗೆ ಟವೆಲ್ ನೇತುಹಾಕಲು ಒಂದು ಮೊಳೆಯೂ ಖಾಲಿಯಿಲ್ಲ. ನೀರು ಕಾಣುತ್ತಿರಲಿಲ್ಲ, ತಲೆಗಳೇ ಕಾಣುತ್ತಿದ್ದವು.

"ಇಲ್ಲಿ ಈಜೋದಲ್ಲ, ನಿಂತ್ಕೊಂಡು ನೆನೆಯೋದು," ಎಂದಳು ಚಿಕ್ಕಮ್ಮ.

ಚುಕ್ಕಿ ನೀರಿನಲ್ಲಿದ್ದ ತಲೆಗಳನ್ನು ಎಣಿಸತೊಡಗಿದಳು. ಅವಳ ಚಿತ್ರದಲ್ಲಿ ಭಾನುವಾರದ ಕಂಬ ನಡುಮಟ್ಟದ್ದು. ತಾಳೆಮರದಂತೆ ನಿಂತದ್ದು ಬುಧವಾರದ್ದು.

ಮನೆಗೆ ಬಂದವಳೇ ಒದ್ದೆ ಕೂದಲಲ್ಲೇ ಕಂಪ್ಯೂಟರ್ ತೆರೆದಳು. ತಾನು ಬರೆದ ಹೆಸರುಗಳನ್ನು ತೆಗೆದು, ಹಳೆಯ ಉದ್ದ ಹೆಸರುಗಳನ್ನು ಓರೆಯಾಗಿ ತಿರುಗಿಸಿ ಓದಿದಳು. ಗುರುವಾರ, ಬುಧವಾರ, ಭಾನುವಾರ, ಮಂಗಳವಾರ... ಕೊನೆಗೆ ಸೋಮವಾರ. ಆರ್‌ಗೆ ವಾರ ಎಲ್ಲಿ ಶುರುವಾಗುತ್ತದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಶಾಲೆಯ ಹಾಜರಿಯಂತೆ ಅಕ್ಷರಮಾಲೆಯ ಕ್ರಮದಲ್ಲಿ ನಿಲ್ಲಿಸಿತ್ತು. ಇವಳು ಸೋಮವಾರವೆಂದು ಹೆಸರಿಟ್ಟದ್ದು ಗುರುವಾರದ ಕಂಬಕ್ಕೆ. ಸಂಜೆ ಪೂರ್ತಿ ಬಣ್ಣ ಹಚ್ಚಿದವಳು ಯಾರ ಮುಖಕ್ಕೆ ಹಚ್ಚುತ್ತಿದ್ದೇನೆಂದು ನೋಡಿರಲಿಲ್ಲ.

ವಾರದ ಕ್ರಮ ಹೇಳಿಕೊಟ್ಟು ಮತ್ತೆ ಬರೆಸಿದಳು. ಅಷ್ಟೊತ್ತಿಗೆ ಚಿಕ್ಕಮ್ಮ ಮಲಗಿದ್ದಳು, ಬೆಳಿಗ್ಗೆ ನೋಡಿದರೆ ಹಾಸಿಗೆ ಖಾಲಿ. ಚುಕ್ಕಿ, ಮ್ಯಾನೇಜರ್ ನೋಟೀಸಿಗೆ ಗೋಂದು ಹಚ್ಚುವ ಮೊದಲೇ ಹೋಗಿ ಎದುರು ನಿಂತಳು.

"ತಪ್ಪು ನಂದು ಸರ್. ಖಾಲಿ ಇರೋದು ಗುರುವಾರ."

ಮ್ಯಾನೇಜರನ ಮುಖ ಸಪ್ಪಗಾಯಿತು. "ಅದು ನಂಗೊತ್ತು."

"ಗೊತ್ತಾ? ಮತ್ತೆ ಹೇಳ್ಲಿಲ್ಲ?"

"ಗುರುವಾರ ಮಧ್ಯಾಹ್ನ ಇಡೀ ಕೊಳದಲ್ಲಿ ನಾನೊಬ್ಬನೇ ಈಜೋದು. ನಿಮ್ಮ ಚಿತ್ರಾನೇ ಸೋಮವಾರ ಅಂದ್ಮೇಲೆ ನಾನ್ಯಾಕೆ ಬಾಯಿ ಬಿಡ್ಲಿ?" ಗೋಂದಿನ ಡಬ್ಬಿ ಮುಚ್ಚಿ, ಹೊಸ ಚಿತ್ರ ಇಸಿದುಕೊಂಡ. "ಹೋಗ್ಲಿ, ನೀಲಿ ಅದೇ ಇಟ್ಟಿದೀರಲ್ಲ."

ಅಷ್ಟರಲ್ಲಿ ಒಳಗಿಂದ ಹೆಂಗಸರ ಕೂಗು ಕೇಳಿತು. ಚುಕ್ಕಿ ಓಡಿದಳು. ಆಳದ ತುದಿಯಲ್ಲಿ ಕೆಂಪು ಟೋಪಿ, ಗೋಡೆಗೆ ಅಂಟಿಕೊಂಡು ಏದುಸಿರು ಬಿಡುತ್ತಿತ್ತು.

"ಇದೇ ಕೊನೇ ದಿನ ಅಂತ ಬಂದ್ಬಿಟ್ಟೆ ಕಣೇ," ಎಂದಳು ಚಿಕ್ಕಮ್ಮ.

"ಕೊನೇ ದಿನ ಅಲ್ಲ ಚಿಕ್ಕಮ್ಮ. ಸೋಮವಾರ ಬಾಗಿಲು ತೆಗೆದಿರತ್ತೆ. ನಾನೇ ಹೆಸರು ತಪ್ಪಾಗಿ ಹಾಕಿದ್ದೆ."

ಚಿಕ್ಕಮ್ಮ ಬಾಯಿಗೆ ಬಂದ ನೀರು ಉಗುಳಿ, ತಾನು ದಾಟಿ ಬಂದ ಉದ್ದವನ್ನು ತಿರುಗಿ ನೋಡಿದಳು.

"ಮೊದಲೇ ಹೇಳಬಾರದಿತ್ತೇನೇ? ನಿಧಾನಕ್ಕೆ ಬರ್ತಿದ್ದೆ. ಈಗ ವಾಪಸ್ ಹೋಗೋದು ಹೇಗೆ?"