ಅರ್ಧ ನೂಲು ದೊಡ್ಡ ಒರೆ

ನನ್ನ ಮಗಳು ಈರವ್ವ ಸಬ್‌ಇನ್‌ಸ್ಪೆಕ್ಟರ್. ಎಂಬತ್ತಮೂರನೇ ಇಸವಿಯಲ್ಲಿ ಅವಳನ್ನು ಸೀರೆಯುಟ್ಟು ಮಾಡುವ ಕಾವಲಿಗೆ ಆರಿಸಿದರು. ಊರಿಗೆ ಬರುವ ದೊಡ್ಡ ಹುದ್ದೆಯ ಹೆಣ್ಣುಮಕ್ಕಳ ಪಕ್ಕದಲ್ಲಿ ಮನೆಯವಳ ಹಾಗೆ ನಿಲ್ಲಬೇಕು; ಸೊಂಟದಲ್ಲಿ ಪಿಸ್ತೂಲಿದೆಯೆಂದು ಯಾರಿಗೂ ತಿಳಿಯಬಾರದು. ಪಿಸ್ತೂಲೇನೋ ಅಂಗೈಯಗಲದ್ದು. ಅದರ ಒರೆ ಮಾತ್ರ ಗಂಡಸರ ಬೆಲ್ಟಿಗೆ ಹೊಲಿದದ್ದು. ಸೀರೆಯೊಳಗೆ ಸಿಕ್ಕಿಸಿದರೆ ತೆಂಗಿನಕಾಯಿ ಕದ್ದವಳ ಹಾಗೆ ಕಾಣುತ್ತಿದ್ದಳು.

“ಮುಂದಿನ ಸೋಮವಾರ ನೋಡ್ತೀನಿ ಕಣಮ್ಮ,” ಎಂದರಂತೆ ಅವಳ ಇನ್‌ಸ್ಪೆಕ್ಟರ್ ಬದರೀನಾಥ್. “ಉಬ್ಬು ಕಂಡ್ರೆ, ಸದ್ದು ಕೇಳಿಸಿದ್ರೆ, ಗಂಡಸ್ರನ್ನೇ ಕಳಿಸ್ತೀನಿ. ಬೇಜಾರ್ ಮಾಡ್ಕೋಬೇಡಿ.”

ಸೀರೆಗೊಪ್ಪುವ ಒರೆ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಹೊಲಿಸಲೇಬೇಕು. ಆದರೆ ಪಿಸ್ತೂಲನ್ನು ಠಾಣೆಯಿಂದ ಆಚೆ ತರುವಂತಿರಲಿಲ್ಲ. ಯಶವಂತಪುರದ ಫೌಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಎರಕಕ್ಕೆ ಮರದ ಅಚ್ಚು ಕೆತ್ತಿದವನು ನಾನು. “ಅಳತಿ ತಗೊಂಡು ಬಾರವ್ವಾ, ಮರದಾಗ ಕೆತ್ತಿ ಕೊಡ್ತೀನಿ,” ಎಂದೆ. ನನ್ನ ಕ್ಯಾಲಿಪರ್ ಒಯ್ದು ಮೂಲೆಮೂಲೆಯ ಅಳತೆ ಬರೆದು ತಂದಳು. ತೇಗದಲ್ಲಿ ಕೆತ್ತಿದೆ. ಆರ್.ಟಿ. ನಗರದಲ್ಲಿ ಬೆಲ್ಟು, ಲಗಾಮು ಹೊಲಿಯುವ ನೂರ್‌ಜಹಾನ್ ಆ ಮರದ ಮೇಲೆ ಒದ್ದೆ ತೊಗಲು ಒತ್ತಿ, ಒಣಗಿಸಿ, ಲಂಗದ ಮೇಲೆ ಕಟ್ಟುವ ಪಟ್ಟಿಗೆ ಸೇರಿಸಿ ಹೊಲಿದಳು.

ಬುಧವಾರ ಈರವ್ವ ಠಾಣೆಯಲ್ಲಿ ಹಾಕಿ ನೋಡಿ, ಮುಖ ಸಣ್ಣ ಮಾಡಿಕೊಂಡು ಬಂದಳು. “ಗಿಲಕಿ ಆಗೇತಪ್ಪಾ. ಮೆಟ್ಟಿಲು ಹತ್ತಿದ್ರ ಸಾಕು, ಒಳಗ ಪಿಸ್ತೂಲು ಲಟಲಟ ಅಂತೈತಿ.”

ಇಬ್ಬರೂ ನೂರ್‌ಜಹಾನ್ ಮನೆಗೆ ಹೋದೆವು. ಅವಳು ಒಪ್ಪಲಿಲ್ಲ. “ನನ್ ಹೊಲಿಗೆ ಸಡಿಲ ಅಲ್ಲ ಅಪ್ಪಾಜಿ. ನಿಮ್ ಮರಕ್ಕೆ ಹೆಂಗ್ ಕಚ್ಕೊಂಡಿದೆ ನೋಡಿ.”

ನೋಡಲು ಬಗ್ಗಿದೆ. ಅವಳ ಕಣ್ಣು ನನ್ನ ಎದೆಯ ಮೇಲೆ ತೂಗುತ್ತಿದ್ದ ಬೆಳ್ಳಿಯ ಡಬ್ಬಿಯ ಮೇಲೆ ಬಿತ್ತು. “ಇಷ್ಟು ಬಗ್ಗಿದ್ರೂ ಒಳಗೆ ಏನೂ ಅಲುಗಾಡಲಿಲ್ವಲ್ಲ. ಏನದು?”

“ಕರಡಿಗೆ.”

“ಕರಡಿಗಾ? ಯಾವ್ ಕರಡಿಗೆ ಅಪ್ಪಾಜಿ?”

ಈರವ್ವ ಸೆರಗು ಬಾಯಿಗಿಟ್ಟು ನಕ್ಕಳು. “ಅದಕ್ಕೂ ಒಂದು ಪಟ್ಟಿ ಹೊಲದು ಕೊಡಕ್ಕಾ.”

“ಪ್ರಾಣಿ ಅಲ್ಲವ್ವಾ, ಇದು ಇಷ್ಟಲಿಂಗದ ಮನಿ,” ಎಂದೆ ನಾನು. “ಅಕ್ಕಸಾಲಿ ಲಿಂಗದ ಅಳತಿಗೇ ಮಾಡ್ಯಾನ, ಅದಕ್ಕ ಅಲುಗಂಗಿಲ್ಲ...”

ಮರದ ಅಚ್ಚನ್ನು ಕೈಗೆತ್ತಿಕೊಂಡೆ. ಅಳತೆಗೇ! ಕಾದ ಲೋಹ ಆರುವಾಗ ಕುಗ್ಗುತ್ತದೆಂದು ಫೌಂಡ್ರಿಯಲ್ಲಿ ಅಚ್ಚನ್ನು ಯಾವಾಗಲೂ ಕೊಂಚ ದೊಡ್ಡದು ಕೆತ್ತುತ್ತೇವೆ. ಇಲ್ಲಿ ಎರಕವೂ ಇಲ್ಲ, ಕುಗ್ಗುವುದೂ ಇಲ್ಲ. ಆದರೂ ಇಪ್ಪತ್ತೆಂಟು ವರ್ಷದ ಕೈ ನನ್ನನ್ನು ಕೇಳದೆಯೇ ಅರ್ಧ ನೂಲು, ಅಂದರೆ ಅಂಗುಲದ ಹದಿನಾರನೇ ಒಂದು ಪಾಲು, ಹೆಚ್ಚಿಗೆ ಬಿಟ್ಟಿತ್ತು.

“ತಪ್ಪು ನಂದವ್ವಾ,” ಎಂದೆ.

“ಹಂಗ್ ಬನ್ನಿ ದಾರಿಗೆ,” ಎಂದಳು ನೂರ್‌ಜಹಾನ್, ಆಗಲೇ ಹೊಲಿಗೆ ಬಿಚ್ಚುತ್ತ.

ಮರುದಿನ ಪೂಜೆ ಮುಗಿಸಿ, ಬಾಯಲ್ಲಿ ವಚನ ಹೇಳಿಕೊಳ್ಳುತ್ತಲೇ ಆ ಅರ್ಧ ನೂಲನ್ನು ಹೆರೆದೆ. ನೂರ್‌ಜಹಾನ್ ಹೊಸ ತೊಗಲು ಒತ್ತಿದಳು.

ಸೋಮವಾರ ಬದರೀನಾಥ್ ಈರವ್ವನನ್ನು ಮೆಟ್ಟಿಲು ಹತ್ತಿಸಿದರು, ಬಗ್ಗಿಸಿದರು, ಸುತ್ತಲೂ ಮೂರು ಸಲ ತಿರುಗಿದರು. ಕೊನೆಗೆ ಕೇಳಿದರಂತೆ: “ಪಿಸ್ತೂಲೇ ಮರೆತು ಬಂದ್ರೇನಮ್ಮಾ?” ಅವರ ಮಾತು ಮುಗಿಯುವಷ್ಟರಲ್ಲಿ ಅದು ಅವಳ ಕೈಯಲ್ಲಿತ್ತು.

ತಿಂಗಳಾದ ಮೇಲೆ ಯಲಹಂಕದಲ್ಲಿ ಒಂದು ಸಮಾರಂಭ. ನಾನೂ ಹೋಗಿ ಜನರ ನಡುವೆ ಕೂತೆ. ವೇದಿಕೆಯ ಮೇಲೆ ಅತಿಥಿಯ ಹಿಂದೆ, ನೀಲಿ ಸೀರೆಯಲ್ಲಿ ಈರವ್ವ. ಅತಿಥಿಯ ಹಾರ ಜಾರಿ ಬಿತ್ತು. ಈರವ್ವ ಥಟ್ಟನೆ ಬಗ್ಗಿ ಎತ್ತಿಕೊಟ್ಟಳು. ಸೀರೆಯ ನೆರಿಗೆ ನೆರಿಗೆಯಾಗಿಯೇ ಇತ್ತು, ಎಲ್ಲೂ ಉಬ್ಬಲಿಲ್ಲ. ಅವಳು ನನ್ನ ಕಡೆ ನೋಡಲಿಲ್ಲ. ನೋಡಲೂಬಾರದು.

ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನ ತೋಳು ತಿವಿದಳು. “ಯಾರ್ ಮನೆ ಎಣ್ಮಗ್ಳೋ, ಏನ್ ಲಕ್ಷಣವಾಗಿ ನಿಂತವ್ಳೆ!”

ನನ್ನ ಮಗಳು ಎಂಬ ಮಾತು ಗಂಟಲಿನವರೆಗೆ ಬಂತು. ಅದನ್ನು ಹೊರಗೆ ಬಿಟ್ಟರೆ ಒರೆ ಹೊಲಿಸಿದ್ದೇ ದಂಡ.

“ಯಾರೋ ಏನೋ ತಾಯಿ,” ಎಂದೆ, ಎದೆಯ ಮೇಲಿನ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು.